ಕರೆಯದ ಮನೆಯ ಸೂತಕ

ಮುಂಡೇವಿನ ಓಲಿಗೆ, ಎಂದರೆ ಅದರ ಉದ್ದ ಎಲೆಗೆ, ಮೂರು ಸಾಲು ಮುಳ್ಳು. ಎರಡು ಅಂಚಿನಲ್ಲಿ, ಒಂದು ಬೆನ್ನಿನಲ್ಲಿ. ಕೇದಗೆಯ ಜಾತಿಯ ಗಿಡ ಅದು, ನೀರು ಹರಿಯುವ ತೋಡಿನ ಬದಿಯಲ್ಲಿ ತಾನಾಗಿ ಬೆಳೆಯುತ್ತದೆ. ಮುಳ್ಳನ್ನು ಚೂರಿಯಲ್ಲಿ ಸೀಳಿ ತೆಗೆದು, ಓಲಿಯನ್ನು ಬೆಂಕಿಯ ಮೇಲೆ ಒಮ್ಮೆ ಆಡಿಸಿ ಬಾಡಿಸಿ, ಚಕ್ರದ ಹಾಗೆ ಸುರುಳಿ ಮಾಡಿ ಇಡಬೇಕು. ಮರುದಿನ ಬಿಚ್ಚಿ ಉದ್ದ ಲೋಟದ ಆಕಾರಕ್ಕೆ ಸುತ್ತುತ್ತಾ ಹೋಗಿ, ತುದಿಗೆ ತೆಂಗಿನ ಕಡ್ಡಿಯ ಚೂರು ಚುಚ್ಚಿದರೆ ಮೂಡೆ. ಅದರೊಳಗೆ ಉದ್ದು ಅಕ್ಕಿಯ ಹಿಟ್ಟು ಹೊಯ್ದು ಬೇಯಿಸಿದರೆ ನಮ್ಮ ಕಡೆಯ ಕೃಷ್ಣಾಷ್ಟಮಿ.

ಇದನ್ನು ನನಗೆ ಕಲಿಸಿದ್ದು ಅಮ್ಮ, ಬೆಳುವಾಯಿಯ ಮನೆಯ ಜಗಲಿಯಲ್ಲಿ. ಮಾರುವ ವಸ್ತು ಎಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಇವರು ಹೋದ ಮೇಲೆ (ಗಂಡನನ್ನು ಹೆಸರು ಹಿಡಿದು ಕರೆದು ನನಗೆ ಅಭ್ಯಾಸವಿಲ್ಲ, ಇವರು ಎಂದೇ ಬರೆಯುತ್ತೇನೆ) ಬೆಳ್ತಂಗಡಿಯ ಬಾಡಿಗೆ ಮನೆ ಬಿಟ್ಟು ಮೂಡುಬಿದಿರೆಗೆ ಬಂದೆ. ಬಸ್ ಓಡಿಸುತ್ತಿದ್ದವರು. ಮೂವತ್ತು ವರ್ಷ ಘಾಟಿಯ ತಿರುವುಗಳಲ್ಲಿ ಏನೂ ಆಗದವರು ಮನೆಯ ಬಚ್ಚಲಿನಲ್ಲಿ ಕುಸಿದು ಹೋದರು. ಮಗಳನ್ನು ಬಂಟ್ವಾಳಕ್ಕೆ ಕೊಟ್ಟಾಗಿತ್ತು. ನನಗೆ ಉಳಿದದ್ದು ಎರಡು ಕೋಣೆ ಮತ್ತು ಸಂಜೆ. ಕುಚ್ಚಲಕ್ಕಿ ಎಷ್ಟು ಕಡಿಮೆ ಹಾಕಿದರೂ ಒಬ್ಬಳ ಹೊಟ್ಟೆಗೆ ಹೆಚ್ಚೇ ಆಗುತ್ತದೆ. ಒಬ್ಬಳಿಗೆ ಗಂಜಿ ಬೇಯಿಸುವ ಪಾತ್ರೆಯನ್ನು ಇನ್ನೂ ಯಾರೂ ಮಾಡಿಲ್ಲ.

ಆದರೂ ದೇವರು ಪೂರ್ತಿ ಕೈಬಿಡಲಿಲ್ಲ. ಮನೆಯ ಯಜಮಾನಿ ಕ್ರಿಶ್ಚಿಯನ್ ಹೆಂಗಸು, ನಾವೆಲ್ಲ ಬಾಯಿ ಎನ್ನುತ್ತೇವೆ. ಅವರ ಹಿತ್ತಲಿನ ತೋಡಿನ ಬದಿಯಲ್ಲಿ ಮುಂಡೇವಿನ ದೊಡ್ಡ ಹಿಂಡೇ ಉಂಟು. ಕಡಿಸಿ ಬಿಸಾಡುವ ಯೋಚನೆಯಲ್ಲಿದ್ದರು. ನಾನು ಕೇಳಿದಾಗ ನಕ್ಕರು: "ಹಾವು ಬಂದರೆ ನಿಮ್ಮ ಜವಾಬ್ದಾರಿ ಮಾರಾಯ್ತಿ. ತೆಕ್ಕೊಳ್ಳಿ."

ಊರಿನ ತುಂಬ ಕಾಲೇಜು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಮುಳ್ಳು ತೆಗೆಯುತ್ತಾ ಕೂರಲು ಯಾರಿಗೆ ಪುರುಸೊತ್ತು? ಮಗಳು ಫೋಟೋ ತೆಗೆದು ನಾಲ್ಕು ವಾಟ್ಸಾಪ್ ಗುಂಪಿಗೆ ಹಾಕಿದಳು. ಶುದ್ಧದಲ್ಲಿ ಕಟ್ಟಿದ ಮೂಡೆ ಸಿಗುತ್ತದೆ, ಎಂದು ಬರೆದದ್ದೂ ಅವಳೇ. ನಾಗರಪಂಚಮಿಗೆ ಅರಿಶಿನದ ಎಲೆ, ಅಷ್ಟಮಿಗೂ ಚೌತಿಗೂ ಮೂಡೆ. ಮಳೆಗಾಲದ ಆಟಿ, ಸೋಣ, ಈ ಎರಡು ತುಳು ತಿಂಗಳ ಕಸುಬು. ಪೊಳಲಿಯ ದೇವಸ್ಥಾನಕ್ಕೆ ಹೋಗಿ ದೇವಿಯ ಎದುರು ಮೊದಲ ಸುರುಳಿಯನ್ನಿಟ್ಟು ಕೈಮುಗಿದು ಬಂದು ಶುರುಮಾಡಿದೆ. ಮೊದಲ ವರ್ಷದ ಅಷ್ಟಮಿಗೇ ಹದಿನಾಲ್ಕು ಮನೆಯವರು ಮೂಡೆ ಬೇಕೆಂದು ಹೇಳಿದ್ದರು. ಸ್ನಾನ ಮಾಡಿ, ಒದ್ದೆ ಕೂದಲಲ್ಲಿ ಕೂತು ಕಟ್ಟುತ್ತಿದ್ದೆ. ಕೈ ತುಂಬ ಗೀರು. ಗೀರಿದ ಕೈಗೆ ರಾತ್ರಿ ಬೇಗ ನಿದ್ದೆ ಬರುತ್ತದೆ ಎಂದು ಆಗ ಗೊತ್ತಾಯಿತು.

ಅಷ್ಟಮಿಗೆ ಎರಡು ದಿನ ಇರುವಾಗ ಬಸ್ ಸ್ಟ್ಯಾಂಡಿಗೆ ಹೋದೆ. ಬಂಟ್ವಾಳದ ಬಸ್ಸಿನಲ್ಲಿ ಮಗಳ ಮನೆಗೆ ಒಂದು ಕಟ್ಟು ಕಳಿಸಲಿಕ್ಕಿತ್ತು. ಕಂಡಕ್ಟರಿಗೆ ಕಟ್ಟು ಕೊಟ್ಟು ತಿರುಗುವಾಗ ಹೂವಿನವಳು ಕರೆದಳು. ಬೆಳುವಾಯಿಯಿಂದ ದಿನಾ ಬರುವವಳು, ನನ್ನನ್ನು ಸಣ್ಣ ಪ್ರಾಯದಿಂದ ಬಲ್ಲವಳು.

"ಅಕ್ಕಾ, ನೀವು ಹೋಗ್ಲಿಲ್ವಾ?"

"ಎಲ್ಲಿಗೆ?"

ಅವಳ ಕೈ ಕಟ್ಟುತ್ತಿದ್ದ ಮಲ್ಲಿಗೆಯ ಅಟ್ಟೆಯ ಮೇಲೇ ನಿಂತಿತು. "ಅಯ್ಯೋ ದೇವರೇ. ನಿಮ್ಮ ಮಾವ ಮೊನ್ನೆ ತೀರಿಹೋದ್ರಲ್ಲ. ನಿಮಗೆ ಹೇಳ್ಲಿಲ್ವಾ?"

ಮಾವ ಎಂದರೆ ಅಮ್ಮನ ತಮ್ಮ, ಕುಟುಂಬದ ಯಜಮಾನರು. ನಮ್ಮಲ್ಲಿ ಕುಟುಂಬ ತಾಯಿಯ ಕಡೆಯಿಂದ. ಮದುವೆಯಾಗಿ ಎಲ್ಲಿಗೆ ಹೋದರೂ ಹೆಣ್ಣು ತಾಯಿಯ ಮನೆಯವಳೇ, ಅವಳ ಮಕ್ಕಳೂ ಹಾಗೆಯೇ. ಮಾವ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಗದ್ದೆ ತೋರಿಸಿದವರು. ಅವರು ಮಾತು ಕೊಟ್ಟು ಬಂದ ಗಂಡನ್ನು ನಾನು ಬೇಡ ಎಂದೆ. ಗದ್ದೆಯೂ ಇಲ್ಲದ, ಮನೆಯೂ ಇಲ್ಲದ ಬಸ್ ಡ್ರೈವರನನ್ನು ಕಟ್ಟಿಕೊಂಡೆ. "ಇನ್ನು ಈ ಮೆಟ್ಟಿಲು ಹತ್ತಬೇಡ" ಎಂದರು, ಅಷ್ಟೇ. ಬೈಯಲಿಲ್ಲ. ಅಮ್ಮ ಇರುವವರೆಗೆ ಅವಳೇ ಬಂದು ಹೋಗುತ್ತಿದ್ದಳು. ಅಮ್ಮ ಹೋದ ಮೇಲೆ ಆ ದಾರಿ ಮುಚ್ಚಿತು. ಇವರು ಸತ್ತಾಗ ಆ ಮನೆಯಿಂದ ಒಬ್ಬರೂ ಬರಲಿಲ್ಲ. ನಾನೂ ಹೇಳಿ ಕಳಿಸಿರಲಿಲ್ಲ ಎನ್ನುವುದನ್ನೂ ಬರೆಯಬೇಕು.

ಮನೆಗೆ ಬಂದು ಕಾಲು ತೊಳೆದೆ. ದೀಪ ಹಚ್ಚುವ ಹೊತ್ತಾಗಿತ್ತು. ಎಣ್ಣೆಯ ಕುಪ್ಪಿ ತೆಗೆದವಳು ಹಾಗೆಯೇ ನಿಂತೆ. ಸೂತಕದಲ್ಲಿ ದೀಪ ಮುಟ್ಟುವ ಹಾಗಿಲ್ಲ. ಯಾರೂ ಹೇಳದೆ ನನ್ನ ಕೈ ತಾನಾಗಿ ಹಿಂದೆ ಬಂದಿತ್ತು. ಇಪ್ಪತ್ತಾರು ವರ್ಷದ ನಂತರ ನಾನು ಆ ಮನೆಯವಳು ಎಂದು ಹೇಳಿದ್ದು ನನ್ನ ಕೈ ಒಂದೇ.

ಮೂಲೆಯಲ್ಲಿ ಇನ್ನೂರಕ್ಕೂ ಹೆಚ್ಚು ಮೂಡೆ ಸಾಲಾಗಿ ನಿಂತಿದ್ದವು. ಶುದ್ಧದಲ್ಲಿ ಕಟ್ಟಿದ್ದು ಎಂದು ನಂಬಿದವರ ಮೂಡೆ. ಮೊನ್ನೆಯಿಂದ ಕಟ್ಟಿದ್ದೆಲ್ಲ ಸೂತಕದಲ್ಲೇ ಕಟ್ಟಿದ್ದು, ನನಗೆ ಗೊತ್ತಿರಲಿಲ್ಲ ಅಷ್ಟೇ.

ಮಗಳಿಗೆ ಫೋನ್ ಮಾಡಿದೆ. ಅವಳಿಗೂ ಸೂತಕ ಉಂಟಲ್ಲ, ಹೇಳದೆ ಇರುವುದು ಹೇಗೆ?

"ಅಮ್ಮಾ, ಅವರು ನಿನಗೆ ಹೇಳಿದ್ದಾರಾ?"

"ಇಲ್ಲ. ಹೂವಿನವಳು ಹೇಳಿದ್ದು."

"ಮತ್ತೆಂಥ? ಮನೆಯವರು ಹೇಳ್ಬೇಕು. ಕಿವಿಗೆ ಬಿದ್ದ ಮೇಲೆ ಸೂತಕ ಅಂತ ನೀನೇ ಹೇಳ್ತಿದ್ದಿ. ಹೂವಿನವಳು ಹೇಳಿದ್ದು ಲೆಕ್ಕಕ್ಕಿಲ್ಲ."

"ಕಿವಿ ಒಂದೇ ಅಲ್ವಾ ಮಗಾ? ಅವಳು ಹೇಳಿದ್ದಕ್ಕೆ ಬೇರೆ ಕಿವಿ ಉಂಟಾ ನನಗೆ?"

ಅವಳು ನಗಲಿಲ್ಲ. "ನಿನ್ನನ್ನು ಮನುಷ್ಯಳು ಅಂತ ಲೆಕ್ಕಕ್ಕೆ ಇಟ್ಟವರಲ್ಲ ಅವರು. ಅಪ್ಪ ಹೋದಾಗ ಎಲ್ಲಿದ್ರು? ಈಗ ಅವರ ಸೂತಕ ಮಾತ್ರ ನಿನಗೆ ಬೇಕಾ? ಮೊದಲ ವರ್ಷ, ಹದಿನಾಲ್ಕು ಮನೆ. ಒಮ್ಮೆ ಹೀಗೆ ಹೇಳಿದರೆ ಮುಂದಿನ ವರ್ಷ ಯಾರು ಕೇಳ್ತಾರೆ? ಮತ್ತೆ ನಾನು ಇಲ್ಲಿ ಅತ್ತೆಯ ಹತ್ತಿರ ಎಂಥ ಹೇಳುದು? ಇಂಥ ಮಾವ ಇದ್ದಾರೆ ಅಂತಲೇ ಇಲ್ಲಿ ಗೊತ್ತಿಲ್ಲ. ನೀನು ಸುಮ್ಮನೆ ಇರು."

ಅವಳು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಸುಮ್ಮನಿದ್ದರೆ ಇನ್ನೊಂದು ಆಗುತ್ತಿತ್ತು. ಮಾವ ಹೊಸಿಲಿನಲ್ಲಿ ನಿಂತು ಹೇಳಿದ ಮಾತನ್ನು ನಾನೇ ಒಪ್ಪಿದ ಹಾಗಾಗುತ್ತಿತ್ತು. ಅವರು ನನ್ನನ್ನು ಹೊರಗೆ ಹಾಕಿದ್ದು ಒಂದು. ನಾನೇ ಹೊರಗಿನವಳೆಂದು ನಡೆದುಕೊಳ್ಳುವುದು ಬೇರೆ. ಅದು ನನ್ನಿಂದ ಆಗಲಿಲ್ಲ. ಬೆಳಿಗ್ಗೆ ಒಂದೊಂದೇ ಮನೆಗೆ ಫೋನ್ ಮಾಡಿದೆ.

ಬ್ಯಾಂಕಿನಲ್ಲಿರುವವರು ಜೋರಾಗಿ ನಕ್ಕರು. "ಎಲೆಗೆ ಎಂಥ ಸೂತಕ ಅಕ್ಕಾ? ಮಾರ್ಕೆಟಿನಿಂದ ತರುವಾಗ ಯಾರ ಮನೆಯಲ್ಲಿ ಯಾರು ಸತ್ತದ್ದು ಅಂತ ಕೇಳಿ ತರ್ತೇವಾ? ನೀವು ಹೇಳದಿದ್ದರೆ ನನಗೆ ಗೊತ್ತಾಗ್ತಲೇ ಇರ್ಲಿಲ್ಲ. ಈಗ ಹೇಳಿ ಫಜೀತಿ ಮಾಡಿದ್ರಿ. ನಮ್ಮ ಅತ್ತೆ ಇಲ್ಲೇ ಕೂತಿದ್ದಾರೆ, ಸ್ಪೀಕರಿನಲ್ಲಿ ಉಂಟು ಫೋನ್!" ಹಿಂದಿನಿಂದ ಅತ್ತೆಯ ಸ್ವರ ಕೇಳಿತು: "ಬೇಡ ಅಂತ ಹೇಳು."

ಬಸದಿಯ ಬೀದಿಯ ಪಕ್ಕದ ಹಿರಿಯರೊಬ್ಬರು, "ಹೇಳಿದ್ದು ಒಳ್ಳೇದಾಯ್ತಮ್ಮ, ದೇವರು ನಿಮಗೆ ಒಳ್ಳೇದು ಮಾಡ್ಲಿ" ಎಂದು ಆಶೀರ್ವಾದ ಮಾಡಿ ಬೇಡ ಎಂದರು. ಆಶೀರ್ವಾದವೂ ಸಿಗದೆ ಬೇಡ ಎನಿಸಿಕೊಳ್ಳುವುದಕ್ಕಿಂತ ಇದು ಮೇಲು ಎಂದುಕೊಂಡೆ. ಹುಬ್ಬಳ್ಳಿ ಕಡೆಯ ಮೇಷ್ಟ್ರ ಹೆಂಡತಿಗೆ ಮೂಡೆಯೇ ಹೊಸತು. "ಏನೂ ಆಗಂಗಿಲ್ಲ ತಗೋರಿ, ನಾನು ಇಡ್ಲಿ ಅಂತ ತಿಳ್ಕೊಂಡು ತಿಂತೀನಿ" ಎಂದರು. ಒಬ್ಬರು ಮಾತೇ ಆಡದೆ ಫೋನ್ ಇಟ್ಟರು. ಹದಿನಾಲ್ಕರಲ್ಲಿ ಮೂರು ಮನೆಯವರು ಬಂದು ತೆಗೆದುಕೊಂಡು ಹೋದರು.

ಮಧ್ಯಾಹ್ನ ಬಾಯಿ ಬಂದು ಮೂಲೆಯನ್ನು ನೋಡಿದರು.

"ಇದೆಲ್ಲ ಎಂಥ ಮಾಡ್ತೀರಿ?"

"ಗೊತ್ತಿಲ್ಲ ಬಾಯಿ."

"ನಮಗೆ ನಿಮ್ಮ ಸೂತಕ ತಾಗುದಿಲ್ಲ. ಮೂವತ್ತು ಕೊಡಿ. ಆದಿತ್ಯವಾರ ನೆಂಟರು ಇದ್ದಾರೆ, ಹಂದಿ ಮಾಂಸಕ್ಕೆ ಮೂಡೆ ಭಾರೀ ಲಾಯಕ್ ಆಗ್ತದೆ." ಹೇಳಿದ ಮೇಲೆ ಅವರಿಗೇ ಗಾಬರಿಯಾಯಿತು. "ನಿಮಗೆ ಬೇಸರ ಇಲ್ಲ ಅಲ್ವಾ? ಕೃಷ್ಣ ದೇವರಿಗೆ ಮಾಡಿದ್ದು."

ನನಗೆ ನಗು ಬಂತು. ಎರಡು ದಿನದಲ್ಲಿ ಮೊದಲ ಸಲ. "ಕೃಷ್ಣ ದೇವರಿಗೆ ಬೇಸರ ಆದರೆ ನನ್ನ ಹತ್ತಿರ ಕೇಳಲಿ" ಎಂದು ಎಣಿಸಿ ಕೊಟ್ಟೆ.

ಉಳಿದವು ಉಳಿದವು. ಅಷ್ಟಮಿಯ ದಿನ ಉಪವಾಸ ಮಾಡಲಿಲ್ಲ, ದೇವರ ಕೋಣೆಯ ಬಾಗಿಲು ತೆರೆಯಲಿಲ್ಲ. ಬೇರೆ ಮನೆಗಳಿಂದ ಉದ್ದಿನ ಹಿಟ್ಟು ಬೇಯುವ ವಾಸನೆ ಬರುತ್ತಿತ್ತು. ಹಸಿರು ಮೂಡೆಗಳು ಒಣಗುತ್ತಾ ಸಡಿಲಾಗಿ, ಕಡ್ಡಿ ಬಿಟ್ಟುಕೊಂಡು, ಒಂದೊಂದಾಗಿ ಬಿಚ್ಚಿಕೊಳ್ಳುವ ಸದ್ದು. ಮಗಳ ಫೋನ್ ಬರಲಿಲ್ಲ. ಮರುದಿನವೂ ಬರಲಿಲ್ಲ. ಮಾವನಿಗಾಗಿ ಅಳು ಬಂದದ್ದು ಆ ದಿನವೇ. ಯಾರ ಎದುರು ಅಳುವುದು ಎಂದು ಗೊತ್ತಾಗದೆ ಪಾತ್ರೆ ತೊಳೆಯುತ್ತಾ ಅತ್ತುಬಿಟ್ಟೆ.

ಶುದ್ಧದ ದಿನ ಬೆಳುವಾಯಿಗೆ ಹೋದೆ. ಯಾರೂ ಕರೆದಿರಲಿಲ್ಲ. ಶುದ್ಧದ ನೀರು ಬೀಳದೆ ಸೂತಕ ಹೋಗುವುದು ಹೇಗೆ? ಹೋಗಲು ನನಗಿದ್ದ ಕಾರಣ ಅದೊಂದೇ.

ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಯಾರೋ ಯುವಕ, ಮಾವನ ಮುಖವೇ ಇದ್ದವನು, "ಕುಟುಂಬದವರು ಈಚೆ ನಿಲ್ಲಿ, ನೆಂಟರು ಆಚೆ ಕೂತ್ಕೊಳ್ಳಿ" ಎಂದು ಕೂಗುತ್ತಿದ್ದ. ನನ್ನನ್ನು ನೋಡಿ, "ನೀವು ಆಚೆ ಕೂತ್ಕೊಳ್ಳಿ ಅಮ್ಮ" ಎಂದ. ಅವನ ತಪ್ಪಲ್ಲ, ನಾನು ಮನೆ ಬಿಟ್ಟಾಗ ಅವನು ಹುಟ್ಟಿರಲಿಲ್ಲ.

"ನಾನು ಈಚೆಯವಳು" ಎಂದೆ.

ಅವನಿಗೆ ಅರ್ಥವಾಗಲಿಲ್ಲ. ಸಾಲಿನಲ್ಲಿದ್ದ ಹೆಂಗಸರು ತಿರುಗಿ ನೋಡಿದರು. ಒಬ್ಬರೂ ಬಾ ಎನ್ನಲಿಲ್ಲ, ಒಬ್ಬರೂ ಹೋಗು ಎನ್ನಲಿಲ್ಲ. ಸಾಲಿನ ಕೊನೆಗೆ ಹೋಗಿ ನಿಂತೆ. ಮಾವಿನ ಎಲೆಯಲ್ಲಿ ನೀರು ಚಿಮುಕಿಸುತ್ತಾ ಬಂದರು. ನನ್ನ ತಲೆಯ ಮೇಲೂ ಬಿತ್ತು. ತಣ್ಣಗಿತ್ತು.

ಊಟಕ್ಕೆ ನಿಲ್ಲದೆ ಹೊರಟವಳನ್ನು ದೊಡ್ಡಮ್ಮನ ಮಗಳು ಗೇಟಿನ ಹತ್ತಿರ ತಡೆದಳು. ನನಗಿಂತ ನಾಲ್ಕು ವರ್ಷ ದೊಡ್ಡವಳು, ಒಂದು ಕಾಲದಲ್ಲಿ ನನ್ನ ಜಡೆ ಹೆಣೆದವಳು. ಕ್ಷೇಮವೇ ಎಂದು ಕೇಳಲಿಲ್ಲ.

"ಮಗಳು ಎಲ್ಲಿ?"

"ಬಂಟ್ವಾಳದಲ್ಲಿ. ಬರ್ಲಿಲ್ಲ."

"ಬರ್ಲಿಲ್ಲ ಅಂದ್ರೆ? ಅವಳಿಗೂ ಉಂಟಲ್ಲ." ಗದರಿಸಿಯೇ ಹೇಳಿದಳು. ಒಳಗೆ ಹೋಗಿ ನೀರಿನ ಖಾಲಿ ಬಾಟಲಿಯೊಂದರ ತಳದಲ್ಲಿ ನಾಲ್ಕು ಬೆರಳು ಶುದ್ಧದ ನೀರು ಹಾಕಿ ತಂದು ಕೈಗಿಟ್ಟಳು. "ಕೊಡು. ಸೂತಕ ಕಟ್ಟಿಕೊಂಡು ತಿರುಗುದು ಬೇಡ." ಮತ್ತೆ ಒಳಗೆ ಹೋದಳು. ನನ್ನ ನಂಬರನ್ನೂ ಕೇಳಲಿಲ್ಲ.

ಬಸ್ಸಿನಲ್ಲಿ ಕೂತು ಮಗಳಿಗೆ ಫೋನ್ ಮಾಡಿದೆ. ಅಕ್ಕ, ಅಂದರೆ ಅವಳ ದೊಡ್ಡಮ್ಮ, ಹೇಳಿದ್ದನ್ನೂ ನೀರು ಕೊಟ್ಟದ್ದನ್ನೂ ಹೇಳಿದೆ.

"ದೊಡ್ಡಮ್ಮ ಹಾಗೆ ಹೇಳಿದ್ರಾ? ಅವಳಿಗೂ ಉಂಟು ಅಂತ?"

"ಹೌದು."

"ಮನೆಗೆ ಬೇಡ ಅಮ್ಮ. ಅತ್ತೆ ಇದ್ದಾರೆ. ಸ್ಟ್ಯಾಂಡಿಗೆ ಬರ್ತೇನೆ."

ಬಂಟ್ವಾಳದ ಸ್ಟ್ಯಾಂಡಿಗೆ ತರಕಾರಿಯ ಚೀಲ ಹಿಡಿದುಕೊಂಡು ಬಂದಳು. ಪೇಟೆಗೆ ಎಂದು ಹೇಳಿ ಬಂದಿದ್ದಳು. ಸಿಟ್ಟು ಪೂರ್ತಿ ಹೋಗಿರಲಿಲ್ಲ, ನನ್ನ ಮುಖ ನೋಡಲಿಲ್ಲ. ಬಾಟಲಿಯ ಮುಚ್ಚಳ ತೆಗೆದೆ. ಬಸ್ಸುಗಳ ಮಧ್ಯೆ, ಕಾಲೇಜಿನ ಹುಡುಗಿಯರು ನೋಡುತ್ತಿದ್ದ ಹಾಗೆಯೇ, ಅವಳು ತಲೆ ಬಗ್ಗಿಸಿದಳು. ಚಿಮುಕಿಸಿದೆ. ಬೈತಲೆಯಿಂದ ಒಂದು ಹನಿ ಮೂಗಿನವರೆಗೆ ಇಳಿಯಿತು. ಅವಳು ಒರೆಸಲಿಲ್ಲ.

"ಚೌತಿಗೆ ಎಷ್ಟು ಮನೆ?" ಎಂದಳು.

"ಮೂರು."

"ಸರಿ" ಎಂದು ಚೀಲ ಎತ್ತಿಕೊಂಡು ಹೋದಳು. ನಾನು ಮೂಡುಬಿದಿರೆಯ ಬಸ್ಸಿಗೆ ಕಾದು ನಿಂತೆ. ಬಸ್ಸು ತಡವಾಗಿತ್ತು, ಆದರೆ ಕುಳಿತುಕೊಳ್ಳಲು ಜಾಗ ಸಿಕ್ಕಿತು.