ಟೈರಿಗೆ ಕೊಟ್ಟ ಸಿಪ್ಪೆ

ಕಾರಿಗೆ ಕ್ಲೇ ಉಜ್ಜುವುದನ್ನು ಭಾವನಿಗೆ ಹೇಳಿಕೊಟ್ಟವನು ನಾನೇ. ಅದಕ್ಕೇ ಇರಬೇಕು, ಆ ಐದಾರು ಸೆಕೆಂಡು ಈಗಲೂ ನನ್ನನ್ನು ಬಿಟ್ಟಿಲ್ಲ.

ಅಕ್ಕನ ಮನೆ ಬೀಜಾಡಿಯಲ್ಲಿ, ಕಡಲಿಗೆ ಕೂಗಳತೆ ದೂರ. ಭಾವನದು ಮೀನಿನ ವ್ಯಾಪಾರ. ಬಂದರಿನಲ್ಲಿ ಬೋಟುಗಳಿಗೆ ವೆಲ್ಡಿಂಗ್ ಮಾಡುವ ಜಾಗದ ಪಕ್ಕದಲ್ಲೇ ಕಾರು ನಿಲ್ಲಿಸುತ್ತಿದ್ದರು. ಹಾರಿ ಬಂದ ಕಬ್ಬಿಣದ ಪುಡಿ ಬಿಳಿ ಬಣ್ಣಕ್ಕೆ ಕಚ್ಚಿಕೊಂಡು ತುಕ್ಕಿನ ಚುಕ್ಕಿಗಳಾಗಿದ್ದವು. ತೊಳೆದರೆ ಹೋಗುವಂಥದ್ದಲ್ಲ. ಕಣಕದ ಉಂಡೆಯಂಥ ಕ್ಲೇಯನ್ನು ತಟ್ಟಿ ಚಪ್ಪಟೆ ಮಾಡಿ, ಸಾಬೂನು ನೀರು ಚಿಮುಕಿಸಿ ಮೆಲ್ಲಗೆ ಜಾರಿಸಿದರೆ ಅದು ಚುಕ್ಕಿಗಳನ್ನು ಎತ್ತಿಕೊಳ್ಳುತ್ತದೆ. ನೆಲಕ್ಕೆ ಬಿದ್ದರೆ ಮಾತ್ರ ಎಸೆಯಬೇಕು, ಅಂಟಿದ ಮರಳು ಬಣ್ಣವನ್ನೇ ಗೀರುತ್ತದೆ. ಇಷ್ಟನ್ನು ಮೂರು ಸಲ ಹೇಳಿದ್ದೆ.

ಆ ಭಾನುವಾರ ಬ್ರಹ್ಮಾವರದಿಂದ ಬಂದು ಅಂಗಳಕ್ಕೆ ಕಾಲಿಟ್ಟಾಗ ನೆಲಕ್ಕೆ ಬಿದ್ದ ಕ್ಲೇಯನ್ನು ಭಾವ ಬಕೆಟ್ಟಿನಲ್ಲಿ ತೊಳೆಯುತ್ತಿದ್ದರು.

“ಭಾವ, ಅದನ್ ಬಿಸಾಡಿ.”

“ತೊಳ್ದೆ ಅಲ್ದಾ ಮಾರಾಯ! ನೀ ಕಾಲೇಜಿಗೆ ಹೋದ್ದ್ ಕಾರ್ ಉಜ್ಜುಕಾ?”

ಕಸಿದು ಎಸೆದೆ. ಅವರು ಮುಖ ಗಂಟಿಕ್ಕಿ ಹೊಸ ತುಂಡು ತೆಗೆದುಕೊಂಡು, ಕಾರಿನ ಹಿಂದೆ ಬಂಪರ್ ಎದುರು ಕುಕ್ಕರಗಾಲಲ್ಲಿ ಕುಳಿತರು. ಬೆನ್ನ ಹಿಂದೆ ನಾಲ್ಕು ಹೆಜ್ಜೆಗೆ ಬಾವಿಕಟ್ಟೆ. ಅಂಗಳದ ಇಳಿಜಾರು ಆ ಕಡೆಗೇ.

ಉಪ್ಪುಗಾಳಿಗೆ ಹ್ಯಾಂಡ್‌ಬ್ರೇಕ್ ತುಕ್ಕಾಗಿ, ಬಿಡಿಸಲು ಬಾರದಂತೆ ಹಿಡಿದುಕೊಂಡುಬಿಡುತ್ತದೆ ಎಂದು ಈ ಕಡೆ ಅದನ್ನು ಎಳೆಯುವವರೇ ಕಡಿಮೆ. ಟೈರಿಗೆ ಅಡ್ಡವಾಗಿ ಒಂದು ತೆಂಗಿನ ಸಿಪ್ಪೆ ಕೊಟ್ಟು ಬಿಡುತ್ತಾರೆ. ನೆರಳಿನಲ್ಲೇ ಉಜ್ಜಬೇಕು ಎಂದು ನಾನು ಹೇಳಿದ್ದರಿಂದ, ನೆರಳು ಸರಿದಂತೆ ಕಾರು ತಳ್ಳಿಕೊಳ್ಳಲು ಭಾವ ಗೇರನ್ನೂ ತೆಗೆದಿದ್ದರು.

ಬಚ್ಚಲಿನಿಂದ ಬಂದ ಅಕ್ಕ ಮುಂದಿನ ಟೈರಿನ ಬಳಿ ಬಗ್ಗಿ ಆ ಸಿಪ್ಪೆಯನ್ನು ಎಳೆದುಕೊಂಡಳು. ನಾನು ನೋಡುತ್ತಿದ್ದೆ. ನೋಡುತ್ತಲೇ ಮರಳಿನ ಬಗ್ಗೆ ಇನ್ನೂ ಉಪದೇಶ ಮಾಡುತ್ತಿದ್ದೆ!

ಕಾರು ಸದ್ದಿಲ್ಲದೆ ಹಿಂದಕ್ಕೆ ಸರಿಯಿತು. ಬಾಗಿಲಿನ ಹಿಡಿಕೆಗೆ ಕೈ ಹಾಕಿದೆ. ಸಾಬೂನು ನೀರಿಗೆ ಜಾರಿತು.

“ಹ್ವಾಯ್, ಭಾವ!”

“ಇದ್ ಹೊಸ್ತೇ ಮಾರಾಯ, ಹೊಸ್ತೇ!” ಎಂದರು ಅವರು, ತಲೆಯನ್ನೂ ಎತ್ತದೆ.

ಬಂಪರ್ ಭುಜಕ್ಕೆ ತಾಗಿದಾಗಲೇ ಅವರಿಗೆ ತಿಳಿದದ್ದು. ಪಕ್ಕಕ್ಕೆ ಉರುಳಿದರು. ಅವರ ಹಿಂದಿದ್ದ ಬಕೆಟ್ ಕಾರಿಗೂ ಬಾವಿಕಟ್ಟೆಗೂ ನಡುವೆ ಸಿಕ್ಕಿ ಫಟ್ಟೆಂದು ಒಡೆಯಿತು; ಕಾರು ಅಲ್ಲಿಗೆ ನಿಂತಿತು.

ತರಚಿದ ಮೊಣಕಾಲಿನಲ್ಲೇ ಎದ್ದ ಭಾವ ಹೇಳಿದ ಮೊದಲ ಮಾತು: “ಪೇಂಟ್ ಹೋಯ್ತಾ ಕಾಣ್.”

ಅಕ್ಕನ ಕೈಯಲ್ಲಿ ಸಿಪ್ಪೆ ಹಾಗೇ ಇತ್ತು. “ಬಚ್ಚಲ್ ಒಲಿಗೆ ಒಣ ಸಿಪ್ಪಿ ಬೇಕಿತ್ತ್. ಕಾರಿಗ್ ಕೊಟ್ಟದ್ ಅಂದೇಳಿ ನಂಗೆಂತ ಗೊತ್ತ್?” ಎಂದಳು. ಆಮೇಲೆ ಬಕೆಟ್ ನೋಡಿ ಸಿಪ್ಪೆಯನ್ನು ಟೈರಿನ ಕೆಳಗೇ ಇಟ್ಟಳು. 

ಹದಿನೈದು ದಿನ ಬಿಟ್ಟು ಹೋದರೆ ಟೈರಿನ ಕೆಳಗೆ ಮತ್ತೆ ಸಿಪ್ಪೆಯೇ! ಕಲ್ಲಾದರೂ ಇಡಬಾರದೇ ಎಂದರೆ, ಕಲ್ಲಿಗೆ ಟೈರು ಹಾಳಾಗುತ್ತದಂತೆ. ಜಗಳ ಆಡುವ ಶಕ್ತಿ ಇರಲಿಲ್ಲ. ಕೀಲಿ ಕೇಳಿ ಪಡೆದು, ಒಳಗೆ ಕುಳಿತು, ಹ್ಯಾಂಡ್‌ಬ್ರೇಕನ್ನು ಕಟಕಟನೆ ಕೊನೆಯವರೆಗೂ ಎಳೆದು ಬಂದೆ.

ಕಡಲು ಎದ್ದು ಮೂರು ದಿನ ಬೋಟು ಇಳಿಯಲಿಲ್ಲ, ಕಾರೂ ಅಂಗಳ ಬಿಡಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಭಾವನ ಫೋನು. “ನೀ ಎಳ್ದ್ ಬ್ರೇಕ್ ಹಿಡ್ಕಂಡ್ ಕೂತಿತ್ತ್ ಕಾಣ್, ಗಾಡಿ ಅಲ್ಲಾಡುದಿಲ್ಲ. ಬಂದರಿಗೆ ಹ್ಯಾಂಗೆ ಹೋಪುದ್ ನಾನ್?”

“ಬಸ್ಸಲ್ ಹೋಗಿ ಭಾವ,” ಎಂದೆ.