ಒಂದೂಕಾಲು ಘನ ಅಡಿ

ಅರಗು ಕಾಯಿಸಿದ ವಾಸನೆ ಬಂದರೆ ಈಗಲೂ ನನಗೆ ಕಲಘಟಗಿಯ ನಮ್ಮ ಮನೆಯ ಪಡಸಾಲೆ ನೆನಪಾಗುತ್ತದೆ. ಅಲ್ಲಿ ತೇಗದ ಹೊಟ್ಟಿನ ನಡುವೆ ಕೂತು ಅಜ್ಜ ತೊಟ್ಟಿಲಿಗೆ ಕೆಂಪು, ಹಳದಿ ಬಣ್ಣ ಹಿಡಿಸುತ್ತಿದ್ದ. ಎಂಬತ್ತರ ದಶಕದಲ್ಲಿ, ನಾನು ಮೂರನೇ ಇಯತ್ತೆಯಲ್ಲಿದ್ದಾಗ, ನಮ್ಮ ಶಾಲೆಗೆ ಹೊಸ ಕೋಣೆ ಕಟ್ಟತೊಡಗಿದರು. ನನ್ನಪ್ಪ ಅಲ್ಲಿ ಗೋಡೆ ಕಟ್ಟುವ ಗೌಂಡಿ. ಮರಳು ಅಳೆಯಲು ಕಟ್ಟಿಗೆಯ ಪೆಟ್ಟಿಗೆ ಬೇಕೆಂದು ಗುತ್ತಿಗೆದಾರ ಅಜ್ಜನ ಬಳಿ ಬಂದ. ನಿಯಮದ ಅಳತೆ ಉದ್ದ ಒಂದಡಿ, ಅಗಲ ಒಂದಡಿ, ಎತ್ತರ ಹದಿನೈದು ಇಂಚು. ಒಂದೂಕಾಲು ಘನ ಅಡಿ. ಒಂದು ಚೀಲ ಸಿಮೆಂಟು ಅದರಲ್ಲಿ ಸರಿಯಾಗಿ ಹಿಡಿಯುತ್ತಿತ್ತು. ಚೀಲಕ್ಕೆ ಎಷ್ಟು ಪೆಟ್ಟಿಗೆ ಮರಳು ಎಂಬುದರ ಮೇಲೆ ಗೋಡೆಯ ಗಟ್ಟಿತನ.

"ಎತ್ತರ ಹದಿನೆಂಟು ಇಂಚು ಇಡ್ರಿ ಅಜ್ಜಾರ," ಎಂದ ಗುತ್ತಿಗೆದಾರ. "ಸಿಮೆಂಟ ಉಳೀತದ. ಯಾರ ಅಳೀಲಿಕ್ಕೆ ಬರ್ತಾರ?"

"ಮರಳ ಹೆಚ್ಚಾಗ್ತೈತ್ರಿ. ಗ್ವಾಡಿ ಹಿಡಿಯೂದಿಲ್ಲ," ಎಂದ ಅಜ್ಜ.

"ನಿಮ್ಮ ಮಗ ನನ್ನ ಕೆಲಸದಾಗ ಅದಾನ. ನೆನಪಿರ್ಲಿ."

ಅಪ್ಪ ಬಾಗಿಲಲ್ಲಿ ತಲೆತಗ್ಗಿಸಿ ನಿಂತಿದ್ದ. ಅಜ್ಜ ಅವನನ್ನೇ ಬಹಳ ಹೊತ್ತು ನೋಡಿದ. ಮರುದಿನ ಹದಿನೆಂಟು ಇಂಚಿನ ಪೆಟ್ಟಿಗೆ ಮಾಡಿಕೊಟ್ಟ.

ಮುಂದಿನ ವರ್ಷ ನಾನು ಅದೇ ಕೋಣೆಯಲ್ಲಿ ಕೂತೆ. ಗೋಡೆಗೆ ಒರಗಿದರೆ ಬೆನ್ನಿಗೆಲ್ಲ ಮರಳು. ಸಂಜೆ ನನ್ನ ಫ್ರಾಕು ಕೊಡವುವಾಗ ಅಜ್ಜನ ಕೈ ನಿಂತುಬಿಡುತ್ತಿತ್ತು. "ಗ್ವಾಡಿ ಬಾಜೂಕ ಕುಂದ್ರಬ್ಯಾಡವಾ," ಎನ್ನುತ್ತಿದ್ದ. ಆ ಇಕ್ಕಟ್ಟಿನ ಕೋಣೆಯಲ್ಲಿ ನನಗೆ ಬೇರೆ ಜಾಗವಿರಲಿಲ್ಲ. ಮಳೆ ಹಿಡಿದ ಒಂದು ದಿನ ಅವನು ನೆನೆಯುತ್ತಲೇ ಶಾಲೆಗೆ ಬಂದು, ನಮ್ಮೆಲ್ಲರ ಮುಂದೆ ಟೀಚರಿಗೆ ಹೇಳಿದ: "ಮರಳ ಅಳಿಯೂ ಪೆಟಿಗಿ ದೊಡ್ಡದು ಮಾಡಿಕೊಟ್ಟಾಂವ ನಾನರಿ ಅಕ್ಕಾರ. ಗ್ವಾಡಿ ನಂಬಬ್ಯಾಡ್ರಿ. ಹುಡುಗೂರ್ನ ಹೊರಗ ಕಳಸ್ರಿ." ಆ ಕೋಣೆಯನ್ನು ಕೆಡವಿದರು. ಅಪ್ಪನ ಕೆಲಸ ಹೋಯಿತು. ಸುತ್ತಲಿನ ಯಾವ ಗುತ್ತಿಗೆದಾರನೂ ಮತ್ತೆ ಅವನನ್ನು ಕರೆಯಲಿಲ್ಲ.

ಅಂದಿನಿಂದ ಅಪ್ಪ ಅಜ್ಜನೊಂದಿಗೆ ಮಾತು ಬಿಟ್ಟ. ಮಾತು ಬಿಟ್ಟ ಮನೆಯಲ್ಲಿ ನೀವೂ ಬೆಳೆದಿದ್ದರೆ ಗೊತ್ತಿರುತ್ತದೆ, ಅಲ್ಲಿ ಮಗುವಿಗೆ ಬಿಡುಗಡೆಯಿಲ್ಲ. "ನಿಮ್ಮಜ್ಜಗ ಉಣ್ಣಾಕ ಬಾ ಅನ್ನು," ಎಂದು ಅಪ್ಪ. "ನಿಮ್ಮಪ್ಪ ಉಂಡಾನೇನ ಕೇಳು," ಎಂದು ಅಜ್ಜ. ಒಬ್ಬರ ಬಳಿ ನಕ್ಕರೆ ಇನ್ನೊಬ್ಬರಿಗೆ ನೋವಾದೀತೆಂದು ನಾನು ನಗುವುದನ್ನೇ ಕಡಿಮೆ ಮಾಡಿದೆ. ಎರಡೇ ಕೋಣೆಯ ಮನೆಯಲ್ಲಿ ಅವರಿಬ್ಬರ ನಡುವೆ ಓಡಾಡುತ್ತಲೇ ದೊಡ್ಡವಳಾದೆ.

ಕೊನೆಗಾಲದಲ್ಲಿ ಅಜ್ಜನಿಗೆ ಕಿವಿ ಪೂರ್ತಿ ಹೋಯಿತು. ಆಗ ಅಪ್ಪ ದಿನಾ ಸಂಜೆ ಅವನ ಹಾಸಿಗೆಯ ಬಳಿ ಕೂತು ಮೆಲ್ಲಗೆ ಮಾತಾಡತೊಡಗಿದ. ಅಜ್ಜ ಅವನ ತುಟಿಗಳನ್ನೇ ನೋಡುತ್ತ, ಎಲ್ಲ ಕೇಳಿಸಿದವನಂತೆ ತಲೆಯಾಡಿಸುತ್ತಿದ್ದ.