ಕೇಸರಿ ಹಾಲಿನ ಕೆಂಪು

ನಿನ್ನೆ ಅಗ್ರಹಾರದಲ್ಲಿ ಗೆಳೆಯನ ಮಗಳ ಸೀಮಂತ. ಊಟಕ್ಕೆ ಮೊದಲೇ ಒಳಗಿನಿಂದ ಕೇಸರಿ ಹಾಲಿನ ಘಮ ಬಂತು. ನಿಮಗಾದರೆ ಬಾಯಲ್ಲಿ ನೀರೂರುತ್ತಿತ್ತು. ನನ್ನ ಬಾಯಿ ಒಣಗಿತು. ಪಕ್ಕದಲ್ಲಿದ್ದ ಹೆಂಡತಿ ಮಾತ್ರ ನೆಮ್ಮದಿಯಾಗಿ ಹೂ ಮುಡಿಯುತ್ತಿದ್ದಳು.

ಎಂಟು ವರ್ಷದ ಹಿಂದೆ ಒಂಟಿಕೊಪ್ಪಲಿನ ಮನೆಯಲ್ಲಿ ಅವಳು ಆರು ತಿಂಗಳ ಬಸುರಿ. ಬಸುರಿ ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗೆ ಹುಟ್ಟುತ್ತದೆ ಎಂಬುದು ನಮ್ಮಮ್ಮನ ನಂಬಿಕೆ. ನಾನು ವಿಜ್ಞಾನ ಓದಿದವನು, ನಂಬಿರಲಿಲ್ಲ. ಆದರೂ ದೇವರಾಜ ಮೊಹಲ್ಲಾಕ್ಕೆ ಹೋಗಿ ಕೇಸರಿ ತಂದವನು ನಾನೇ. ಎಳೆಗಳನ್ನು ಬೆರಳಲ್ಲಿ ಹೊಸಕಿ ಹಾಲಿಗೆ ಹಾಕುವ ಕೆಲಸವನ್ನೂ ವಹಿಸಿಕೊಂಡೆ. ಅಡುಗೆಮನೆಯಲ್ಲಿ ನನ್ನ ಕೈಲಾಗುತ್ತಿದ್ದದ್ದು ಅದೊಂದೇ, ಹಾಗಾಗಿ ಜಂಬವೂ ಇತ್ತು.

ಮೊದಲ ದಿನ ಹಾಲು ಕುಡಿದ ಸ್ವಲ್ಪ ಹೊತ್ತಿಗೆ ಅವಳ ಕೆನ್ನೆ ಕೆಂಪಾಯಿತು. ಅಮ್ಮನಿಗೆ ಸಂಭ್ರಮ. "ನೋಡೋ, ಆಗ್ಲೇ ಮೈಗೆ ಹತ್ಬುಡ್ತು ಕಣೋ. ನಾಳೆ ಇನ್ನೆರಡು ಎಳೆ ಜಾಸ್ತಿ ಹಾಕು."

"ಗಂಟಲು ಕೆರೀತಿದೆ ಕಣ್ರೀ," ಎಂದಳು ಹೆಂಡತಿ.

"ಸೆಖೆ ಕಣೇ," ಎಂದೆ. ಮಾರನೆಯ ದಿನ ಎರಡು ಎಳೆ ಜಾಸ್ತಿಯೇ ಹಾಕಿದೆ.

ಮೂರನೆಯ ದಿನ ತುಟಿ ಊದಿಕೊಂಡಿತು, ಮೈತುಂಬ ದದ್ದು ಎದ್ದಿತು, ಉಸಿರು ಎಳೆದೆಳೆದು ಬರತೊಡಗಿತು. ಆಟೋದಲ್ಲಿ ನನ್ನ ತೋಳನ್ನು ಬಿಗಿಯಾಗಿ ಹಿಡಿದು, "ಮಗು ಮಿಸುಕ್ತಾ ಇಲ್ಲ ಕಣ್ರೀ," ಎಂದಳು. ಇಬ್ಬರನ್ನೂ ಕಳೆದುಕೊಂಡೆ ಎಂದೇ ಅಂದುಕೊಂಡೆ.

ಡಾಕ್ಟರಮ್ಮ ಇಂಜೆಕ್ಷನ್ ಕೊಡುತ್ತಲೇ ಕೇಳಿದರು, "ಹೊಸದಾಗಿ ಏನು ತಗೊಂಡ್ರು? ಬಣ್ಣ ಹಾಕಿದ್ದು ಏನಾದ್ರೂ?"

"ಇಲ್ಲ ಮೇಡಂ, ಬರೀ ಮನೆ ಊಟ. ಬೇಕರಿ ಕಡೆ ತಲೆನೂ ಹಾಕಲ್ಲ," ಎಂದೆ. ಸುಳ್ಳಲ್ಲ. ಬಣ್ಣವೆಂದರೆ ನಮಗೆ ಬೇಕರಿಯ ಪುಡಿ. ದೇವರ ನೈವೇದ್ಯಕ್ಕೂ ಸಲ್ಲುವ ಕೇಸರಿಯ ಮೇಲೆ ಅನುಮಾನ ಬರುವುದಾದರೂ ಹೇಗೆ?

ಅವರ ಕಣ್ಣು ನನ್ನ ಕೈ ಮೇಲೆ ಬಿತ್ತು. "ಬೆರಳಿಗೇನ್ರೀ ಅದು, ಹಳದಿ?" ಕೇಸರಿ ಹೊಸಕಿದ್ದು ಎನ್ನುವಷ್ಟರಲ್ಲೇ ನನಗೂ ಹೊಳೆಯಿತು, ಅವಳ ಮೈಗೆ ಒಗ್ಗದ್ದು ಆ ಕೇಸರಿಯೇ.

ಸಂಜೆ ಹೊತ್ತಿಗೆ ಊತ ಇಳಿಯಿತು. ಮಗುವಿನ ಎದೆಬಡಿತ ಕೇಳಿಸಿದರು. ನಾನು ಹೊರಗೆ ಬಂದು ಕಂಬಕ್ಕೆ ಮುಖ ತಿರುಗಿಸಿಕೊಂಡು ಅತ್ತುಬಿಟ್ಟೆ. ಆ ಮಗಳು ಈಗ ಎರಡನೇ ಕ್ಲಾಸು. ನನ್ನ ಅಂಜಿಕೆ ಮಾತ್ರ ಇಳಿದಿಲ್ಲ. ಯಾರ ಮನೆಗೆ ಹೋದರೂ ಅಡುಗೆಮನೆಗೆ ನುಗ್ಗಿ ಯಾವುದಕ್ಕೆ ಏನು ಹಾಕಿದ್ದೀರಿ ಎಂದು ವಿಚಾರಿಸುವ ನನಗೆ ನೆಂಟರು ಫುಡ್ ಇನ್‌ಸ್ಪೆಕ್ಟರ್ ಎಂದು ಹೆಸರಿಟ್ಟಿದ್ದಾರೆ.

ನಿನ್ನೆ ಗೆಳೆಯನ ಮಗಳು ಹಾಲು ಕುಡಿದು ಲೋಟ ಕೆಳಗಿಟ್ಟಳು. ಹೆಂಗಸರ ತಮಾಷೆಗೋ ಏನೋ, ಕೆನ್ನೆ ಕೆಂಪಾಯಿತು. ತಡೆಯಲಾರದೆ ಎದ್ದು ಹೋಗಿ ಎಲ್ಲರ ಮುಂದೆಯೇ ಕೇಳಿದೆ, "ಗಂಟಲು ಕೆರೀತಿದೆಯೇನಮ್ಮ?"

"ಇಲ್ಲ ಅಂಕಲ್, ಏನೂ ಇಲ್ಲ."

ಎಲ್ಲರೂ ನಕ್ಕರು. ಹೆಂಡತಿ ನಗಲಿಲ್ಲ. ನಾನು ಬಂದು ಕೂತ ಮೇಲೆ ಮೆಲ್ಲಗೆ ಹೇಳಿದಳು, "ಅವತ್ತು ನೀವು ಕೇಳೋದೂ ಬೇಕಿರ್ಲಿಲ್ಲ ಕಣ್ರೀ. ನಾನೇ ಹೇಳಿದ್ದೆ."